ಪ್ರಾರ್ಥನೆಯ ದಿನದ ಬಸ್ಸು

ಮಂಗಳವಾರ, ಮಧ್ಯಾಹ್ನ

ನನ್ನ ಹಟಮಾರಿ ಪುಟ್ಟಿಗೆ ಅಮ್ಮನ ಆಶೀರ್ವಾದ.

ಫೋನಿನಲ್ಲಿ ಹೇಳೋಣವೆಂದರೆ ನಿನ್ನ ತಮ್ಮ ಯಾವ ಗಳಿಗೆಯಲ್ಲಿ ಮನೆಗೆ ಬರುತ್ತಾನೋ ಗೊತ್ತಾಗುವುದಿಲ್ಲ. ಅದಕ್ಕೇ ಈ ಕಾಗದ. ವಾರದ ಪ್ರಾರ್ಥನೆಯ ದಿನವೂ ಬಸ್ಸು ಓಡಬೇಕೆಂದು ಸರ್ಕಾರ ಆದೇಶ ಹೊರಡಿಸಿದಾಗಿನಿಂದ ನಮ್ಮ ಬೀದಿ ಕುದಿಯುತ್ತಿದೆ. ಈ ವಾರ ಮೊದಲ ಬಸ್ಸು ಇಲ್ಲೇ ಹಾದುಹೋಗುವುದಂತೆ. ಅದನ್ನು ಓಡಿಸುವವಳು ನಾನೇ ಎಂದು ನೀನು ಹೆಮ್ಮೆಯಿಂದ ಹೇಳಿದೆ.

ನಿನ್ನ ವಾದ ಗೊತ್ತು. ಸರ್ಕಾರಕ್ಕೆ ಧರ್ಮ ಇರಬಾರದು, ಆಸ್ಪತ್ರೆಯ ಆಯಾಗಳಿಗೆ ಆ ದಿನ ರಜೆ ಇಲ್ಲ ಎನ್ನುತ್ತೀಯ. ನಿಜ. ವಾರಕ್ಕೊಂದು ದಿನ ಬೀದಿ ಸುಮ್ಮನಿದ್ದು ದೇವರ ಹೆಸರು ಕಿವಿಗೆ ಬೀಳುವುದು ನನಗೆ ಬೇಕು. ಅದೂ ನಿಜ. ಇವೆರಡರ ನಡುವೆ ನನ್ನ ಮಗಳ ತಲೆಯೇ ಸಿಕ್ಕಿಕೊಳ್ಳಬೇಕೇ? ಡ್ಯೂಟಿ ಬದಲಾಯಿಸಿಕೋ. ಜ್ವರ ಎನ್ನು. ಶಾಲೆ ತಪ್ಪಿಸಲು ಎಷ್ಟು ಚೆನ್ನಾಗಿ ಕೆಮ್ಮುತ್ತಿದ್ದೆ ನೀನು.

ಸುಮ್ಮನೆ ಹೆದರಿಸುತ್ತಿದ್ದೇನೆ ಎಂದುಕೊಳ್ಳಬೇಡ. ಹೇಳಬಾರದೆಂದಿದ್ದೆ, ಹೇಳಿಬಿಡುತ್ತೇನೆ. ನಮ್ಮ ಬಚ್ಚಲಲ್ಲಿ, ನೀರಿನ ಡ್ರಮ್ಮಿನ ಹಿಂದೆ, ಕಲ್ಲು ತುಂಬಿದ ಚೀಲಗಳಿವೆ. ತಂದಿಟ್ಟವನು ನಿನ್ನ ತಮ್ಮ. ಬಸ್ಸಿನಲ್ಲಿ ಇರುವವಳು ನೀನು ಎಂದು ಅವನಿಗೆ ಗೊತ್ತಿರಲಾರದು ಎಂದುಕೊಂಡು, ನಿನ್ನೆ ಊಟ ಬಡಿಸುತ್ತಾ ಹೇಳಿದೆ. ಅವನು ತಲೆಯೆತ್ತಲಿಲ್ಲ.

“ಗೊತ್ತಮ್ಮ. ಆ ಸೀಟಲ್ಲಿ ಕೂತಿರೋದು ಸರ್ಕಾರ, ಅಕ್ಕ ಅಲ್ಲ” ಅಂದ.

ಆಮೇಲೆ ಉಪ್ಪು ಕೇಳಿದ.

ನಿನ್ನ ಕೈ ಹಿಡಿದೇ ನಡೆಯಲು ಕಲಿತವನು ಅವನು. ಈಗ ಅವನನ್ನು ಕಂಡರೆ ನನಗೆ ಭಯ, ಪುಟ್ಟಿ. ಹೆತ್ತ ಮಗನ ಚಪ್ಪಲಿ ಸದ್ದು ಕೇಳಿದರೆ ಅಡುಗೆಮನೆಗೆ ಸರಿದುಬಿಡುತ್ತೇನೆ. ಅವನಿಲ್ಲದಾಗ ಕಲ್ಲುಗಳನ್ನು ಹೊರಗೆ ಚೆಲ್ಲೋಣವೆಂದು ಹೋದೆ. ಒಂದು ಚೀಲವನ್ನೂ ಅಲುಗಾಡಿಸಲು ಆಗಲಿಲ್ಲ.

ಬರಬೇಡ. ನಿನಗೆ ಕೈ ಮುಗಿಯುತ್ತೇನೆ.

ನಿನ್ನ
ಅಮ್ಮ

ತಾ.ಕ.: ನೀನು ಬಂದೇ ಬರುತ್ತೀಯ, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲವೇ. ನಮ್ಮ ಬೀದಿಗೆ ತಿರುಗುವ ಮೊದಲಿನ ಸ್ಟಾಪಿನಲ್ಲಿ ನಿಲ್ಲಿಸು. ಪ್ರಾರ್ಥನೆಯ ಬಿಳಿ ಬಟ್ಟೆ ಉಟ್ಟು ಕಾಯುತ್ತಿರುತ್ತೇನೆ. ನಿನ್ನ ಪಕ್ಕದಲ್ಲೇ, ಮುಂದಿನ ಗಾಜಿನಿಂದ ಅವನಿಗೆ ಕಾಣುವ ಹಾಗೆ ನಿಲ್ಲುತ್ತೇನೆ. ಆ ದಿನ ಗಾಡಿ ಹತ್ತಬಾರದೆಂಬ ನೇಮವನ್ನು ಈ ವಯಸ್ಸಿನಲ್ಲಿ ಮುರಿಯುತ್ತಿದ್ದೇನೆ. ಅದರ ಜೊತೆಗೆ ದುಡ್ಡು ಮುಟ್ಟಬಾರದೆಂಬ ನೇಮವನ್ನೂ ಮುರಿಯಲಾರೆ, ಅದಕ್ಕೇ ನನ್ನ ಟಿಕೆಟ್ಟಿನ ದುಡ್ಡನ್ನು ಈ ಕಾಗದದೊಳಗೇ ಮಡಚಿ ಇಟ್ಟಿದ್ದೇನೆ.