ಎಡತೋಳಿನ ಅಳತೆ

ಅಕ್ಕಾ,

ಅಮ್ಮನೇ ಹೊಲಿದಿದ್ದ ಅಪ್ಪನ ಅಂಗಿಗಳನ್ನು ಕತ್ತರಿಸಿ, ಅವರ ನೆನಪಿಗೆಂದು ಕೌದಿ ಮಾಡುತ್ತಿದ್ದೇನೆ. ನಾನು ಅಡುಗೆಮನೆಗೆ ಹೋದರೆ ಸಾಕು, ಅಮ್ಮ ಹೊಲಿಗೆ ಬಿಚ್ಚಿ ತುಂಡುಗಳನ್ನು ಮತ್ತೆ ಅಂಗಿಯಾಗಿ ಜೋಡಿಸುತ್ತಾಳೆ. ಹೇಳಿ ಹೇಳಿ ಸಾಕಾಗಿಹೋಯಿತು. ನಿನ್ನೆ ಒಂದು ಅಂಗಿ ಮುಗಿಸಿಯೇಬಿಟ್ಟಳು.

“ಎಡತೋಳು ಎರಡು ಬೆರಳು ಗಿಡ್ಡ ಆಯ್ತಲ್ಲಮ್ಮಾ,” ಅಂದೆ.

“ಅವರ ಎಡಗೈನೇ ಗಿಡ್ಡ. ನೀವು ಅವರನ್ನ ನೋಡಿಲ್ವೇನಮ್ಮಾ?” ಅಂದಳು.

ಮಗಳನ್ನೇ ಮರೆತವಳ ಮಾತು ನಂಬಲೇ? ಹಾಸಿಗೆ ಹಿಡಿದಿದ್ದ ಅಪ್ಪನಿಗೆ ಎಂಟು ತಿಂಗಳು ಅಂಗಿ ತೊಡಿಸಿದವಳು ನಾನು. ಆ ಕೈ ಹೇಗಿತ್ತೆಂದು ಎಷ್ಟು ಯೋಚಿಸಿದರೂ ಹೊಳೆಯುತ್ತಿಲ್ಲ.

ನೀನು ಒಯ್ದ ಅಂಗಿಯ ಎರಡೂ ತೋಳು ಅಳೆದು ಬರೆ. ಸಮ ಇದ್ದರೆ ಕೌದಿ ಮುಂದುವರಿಸುತ್ತೇನೆ. ಎಡಗಡೆಯದು ಗಿಡ್ಡವಿದ್ದರೆ, ಉಳಿದ ತುಂಡುಗಳನ್ನೂ ಅಮ್ಮನಿಗೇ ಕೊಟ್ಟುಬಿಡುತ್ತೇನೆ.

ನಿನ್ನ
ಗಡಿಬಿಡಿ ತಂಗಿ