ಮೇಷ್ಟ್ರು ಬರೆಯದ ಎರಡು ಸಾಲು

ನವೆಂಬರ್ ೯, ಭಾನುವಾರ

ಚಪ್ಪಾಳೆ ಇನ್ನೂ ಕಿವಿಯಲ್ಲಿದೆ. ಅದಕ್ಕೇ ನಾಚಿಕೆ.

ನನಗೆ ಗಿಟಾರ್ ಕಲಿಸಿದ ಮೇಷ್ಟ್ರು ತೀರಿಕೊಂಡು ಇವತ್ತಿಗೆ ವರ್ಷ. ಅವರು ಗಿಟಾರಿಗೆಂದು ಬರೆದ ಕೊನೆಯ ಕೃತಿಯನ್ನು ಇವತ್ತು ಅವರ ನೆನಪಿನ ಕಛೇರಿಯಲ್ಲಿ ಮೊದಲ ಬಾರಿಗೆ ನುಡಿಸಿದವನು ನಾನು. ಮೂರನೇ ಪುಟದಲ್ಲಿ ಎರಡು ಸಾಲು ಮರೆತೇ ಹೋಯಿತು. ವೇದಿಕೆ ಹತ್ತಿದ ಇಪ್ಪತ್ತೆರಡು ವರ್ಷದಲ್ಲಿ ಹೀಗಾಗಿರಲಿಲ್ಲ. ಬೆರಳು ಮಾತ್ರ ನಿಲ್ಲಲಿಲ್ಲ. ಪ್ರತಿ ಶುಕ್ರವಾರ ಜಾಝ್ ಕ್ಲಬ್ಬಿನಲ್ಲಿ ಬರೆದಿಡದೆ ಆಗಿಂದಾಗ ಹುಟ್ಟಿಸಿ ನುಡಿಸುವ ಚಾಳಿ. ತೋಚಿದ್ದನ್ನು ನುಡಿಸಿ ನಾಲ್ಕನೇ ಪುಟಕ್ಕೆ ಹಾರಿ ಬಚಾವಾದೆ.

"ಜಾಝ್ ನುಡಿಸು, ಬೇಡ ಅನ್ನಲ್ಲ. ನಾನು ಬರೆದಿದ್ದಕ್ಕೆ ಮಾತ್ರ ಕೈ ಹಾಕ್ಬೇಡ" ಎಂದಿದ್ದರು ಮೇಷ್ಟ್ರು.

ಮುಗಿದ ಮೇಲೆ ಅವರ ಹೆಂಡತಿ ಬಂದು ನನ್ನ ಕೈ ಹಿಡಿದುಕೊಂಡರು. "ನಡುವೆ ಒಂದು ಕಡೆ ಕುಣಿದ ಹಾಗಿತ್ತಲ್ಲ, ಅಲ್ಲಿ ಅವರೇ ಬಂದ ಹಾಗಾಯ್ತು ಕಣೋ. ಮನೇಲಿ ಯಾವತ್ತೂ ಹಾಗೆ ನಕ್ಕವರಲ್ಲ, ಇವತ್ತು ನಕ್ರು." ಆಮೇಲೆ ಮೇಷ್ಟ್ರ ಕೈಬರಹದ ಪ್ರತಿಯನ್ನೇ ಕೊಟ್ಟರು. "ಬೀರುವಲ್ಲಿಟ್ಟಿದ್ದೆ, ಬಿಚ್ಚಿ ನೋಡೋ ಧೈರ್ಯ ಬರ್ಲಿಲ್ಲ. ನಂಗೆ ಸ್ವರ ಓದೋಕೆ ಬರಲ್ಲ. ಆ ಜಾಗಕ್ಕೊಂದು ಗುರುತು ಹಾಕಿಕೊಡು, ನೋಡ್ಕೊಂಡಿರ್ತೀನಿ."

ಆಗಲೇ ಹೇಳಿಬಿಡಬೇಕಿತ್ತು. "ಆಯ್ತಮ್ಮ" ಎಂದೆ.

ಈಗ ಮೂರನೇ ಪುಟ ತೆರೆದು ಕೂತಿದ್ದೇನೆ. ನಾನು ಅಭ್ಯಾಸ ಮಾಡಿದ್ದು ಮೇಷ್ಟ್ರು ಕೊಟ್ಟಿದ್ದ ಜೆರಾಕ್ಸಿನಿಂದ. ಅದರಲ್ಲಿ ಮೂಡದ ತೆಳು ಪೆನ್ಸಿಲ್ ಬರಹ ಇಲ್ಲಿದೆ, ನಾನು ಮರೆತ ಆ ಎರಡು ಸಾಲಿನ ಪಕ್ಕದಲ್ಲೇ: "ಇಷ್ಟು ಇವಳಿಗೆ. ಬಾಯಲ್ಲಿ ಹೇಳಲಾಗಲಿಲ್ಲ."

ನಿಧಾನವಾದ ಸಾಲುಗಳು. ಕುಣಿತ ಎಲ್ಲೂ ಇಲ್ಲ.

ನಾಳೆ ಗಿಟಾರ್ ತೆಗೆದುಕೊಂಡು ಹೋಗಿ ಅವರೊಬ್ಬರಿಗೇ ಇದನ್ನು ನುಡಿಸಬಹುದು. ಆದರೆ ಇವತ್ತಿನ ಆ ನಗು ಮೇಷ್ಟ್ರದ್ದಲ್ಲ, ನನ್ನ ಮರೆವಿನದು ಎಂದು ಯಾವ ಬಾಯಲ್ಲಿ ಹೇಳಲಿ?