ಗುಲಾಬಿಯ ಬೆನ್ನ ಹಿಂದಿನ ಬರಹ

ಹೊಸ ಕಡಲೂರು, ಚಿತ್ರದುರ್ಗದ ಬಯಲು
ಕಡಲು ಏರಿದ ನೂರಾ ಹನ್ನೊಂದನೆಯ ವರ್ಷ, ಎರಡನೆಯ ಆಷಾಢದ ಮೂವತ್ತಮೂರನೆಯ ದಿನ

ಮನೋಚಿಕಿತ್ಸೆ ಕಲಿಸುವ ನನ್ನ ಹಿರಿಯರೇ,

ಈ ತಾರೀಖು ನಿಮ್ಮ ಕಾಲದ ಪಂಚಾಂಗದಲ್ಲಿ ಸಿಗುವುದಿಲ್ಲ. ನಾನು ಬಳಸುವ ಕೆಲವು ಪದಗಳೂ ನಿಮ್ಮಲ್ಲಿನ್ನೂ ಹುಟ್ಟಿಲ್ಲ. ಕಿವಿಗೆ ಒರಟಾದರೆ ಮನ್ನಿಸಿ. ನೀವು ಮಾಡುವ ಕೆಲಸವನ್ನೇ ನಾನೂ ಮಾಡುತ್ತೇನೆ: ಬೇರೆ ಬೇರೆ ಜನರ ನೋವನ್ನು ಕೇಳಲು ಎಳೆಯರಿಗೆ ಕಲಿಸುತ್ತೇನೆ. ಕಲಿಸುವುದು ಹೇಗೆಂದು ಈಚೆಗೆ ನನಗೇ ತಿಳಿಯದಾಗಿದೆ.

ಕರಾವಳಿಯ ಊರುಗಳು ಮುಳುಗಿದಾಗ ನಮ್ಮ ಬಯಲಿಗೆ ಬಂದವರನ್ನು ಕಡಲೊಕ್ಕಲು ಎನ್ನುತ್ತೇವೆ. ಈಗಿನವರಲ್ಲಿ ಯಾರೂ ಕಡಲನ್ನು ಕಂಡಿಲ್ಲ. ಆದರೂ ಸಂಜೆ ದೀಪ ಹಚ್ಚಿದ ಮೇಲೆ ಪಡುವಣ ಬಾಗಿಲಲ್ಲಿ ಕುಳಿತು, ನೀರಿನಲ್ಲಿ ಹೋದ ತಮ್ಮವರಿಗೆ ಆ ದಿನದ ಸುದ್ದಿ ಹೇಳುತ್ತಾರೆ: ಮಗುವಿಗೆ ಹಲ್ಲು ಬಂದದ್ದು, ತೊಟ್ಟಿಯಲ್ಲಿ ಸಾಕಿದ ಮೀನು ಸತ್ತದ್ದು, ಸೊಸೆ ಮುನಿಸಿಕೊಂಡದ್ದು. ಹಿಂದೆ ನಮ್ಮ ಆಸ್ಪತ್ರೆಗಳು ಇದನ್ನು ಹುಚ್ಚೆಂದು ಬರೆದು ಮಾತ್ರೆ ಕೊಟ್ಟವು. ಆ ತಪ್ಪು ಮತ್ತೆ ಆಗದಿರಲೆಂದು ಬೆನ್ನೆರಳು ಬಂತು. ಕಷ್ಟ ಹೇಳಿಕೊಳ್ಳಲು ಬಂದವರು ಕುರ್ಚಿಯಲ್ಲಿ ಕುಳಿತೊಡನೆ ಅವರ ಬೆನ್ನ ಹಿಂದೆ ಬೆಳಕಿನ ಬರಹವೊಂದು ಮೂಡುತ್ತದೆ: ಅವರು ಯಾವ ಜನ, ಹೇಗೆ ಅಳುತ್ತಾರೆ, ಏನನ್ನು ನಂಬುತ್ತಾರೆ, ಯಾವುದನ್ನು ರೋಗವೆನ್ನಬಾರದು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡಿ ಪಾಸಾಗುತ್ತಾರೆ.

ಓಬಳೇಶ ನನ್ನ ತರಗತಿಯ ಜಾಣ ಹುಡುಗ, ಮೃದು ಸ್ವಭಾವದವನು. ಹೋದ ವಾರ ಗುಲಾಬಿ ಎಂಬ ಕಡಲೊಕ್ಕಲಿನ ಹೆಂಗಸು ಅವನೆದುರು ಕುಳಿತು, ಮುಳುಗಿದ ಮುತ್ತಜ್ಜಿ ದಿನಾ ಸಂಜೆ "ಬಾ ಮಗಾ, ಸಾಕು" ಎಂದು ಕರೆಯುತ್ತಾಳೆ ಎಂದಳು. ಅವನು ಅವಳ ಹೆಗಲ ಮೇಲಿಂದ ಓದಿದ: ಮುಳುಗಿದವರೊಡನೆ ಮಾತು, ಸಂಪ್ರದಾಯ, ಪ್ರಶ್ನಿಸಬಾರದು. ಗೌರವದಿಂದ ಕೈ ಮುಗಿದು ಮನೆಗೆ ಕಳಿಸಿದ. ಮರುದಿನ ಅವಳನ್ನು ಕೆರೆಯಿಂದ ಎತ್ತಿ ತಂದರು. ಜೀವ ಇದೆ, ಮಾತಿಲ್ಲ.

ಅವಳ ಅತ್ತೆ ಅಕ್ಕಣಿ ವಾರ್ಡಿನ ಬಾಗಿಲಲ್ಲಿ ಅವನನ್ನು ತಡೆದರು. "ಅವಳ ಹಿಂದೆ ಎಂತ ನೋಡ್ತಾ ಕೂತಿದ್ರಿ ಮಾರಾಯ್ರೆ? ಅವಳೇನು ಬೆನ್ನುನೋವು ಅಂತ ಬಂದದ್ದಾ?" ಅವನು ಅಳುತ್ತಲೇ, ನಿಮ್ಮಲ್ಲಿ ಮುಳುಗಿದವರು ಹಾಗೆ ಕರೆಯುವುದುಂಟೇ ಎಂದು ಕೇಳಿದ. "ನಮ್ಮನೇಲಿ ಇಲ್ಲಪ್ಪ. ನಾವು ಹೇಳೂದು, ಅವರು ಕೇಳೂದು, ಅಷ್ಟೆ. ಆಚೆಮನೆಯಲ್ಲಿ ಕರೀತಾರಂತೆ, ಕರೆದ್ರೆ ಪಾಯಸ ಮಾಡ್ತಾರಂತೆ. ನಂಗೆಂತ ಗೊತ್ತು? ಅವರನ್ನೇ ಕೇಳ್ಬೇಕು."

ನಿನ್ನೆ ತರಬೇತಿ ಮಂಡಳಿ ಸಭೆ ಸೇರಿ ಬೆನ್ನೆರಳಿಗೆ ಒಂದು ಸಾಲು ಸೇರಿಸಿತು: ಮುಳುಗಿದವರು ಕರೆದರೆ ರೋಗ. ಆಚೆಮನೆಯವರು ಬಂದು ಆ ಕುರ್ಚಿಯಲ್ಲಿ ಕುಳಿತರೆ, ಅವರು ಪಾಯಸ ಮಾಡುವ ಕರೆಗೂ ಇನ್ನು ಮಾತ್ರೆಯೇ ಸಿಗುತ್ತದೆ.

ನಾಳೆ ಗುಲಾಬಿಯ ಹಾಸಿಗೆಯ ಬಳಿ ಓಬಳೇಶನೂ ನಾನೂ ಕೂರುತ್ತೇವೆ, ಅಕ್ಕಣಿಯವರು ಒಪ್ಪಿದ್ದಾರೆ. ಅಲ್ಲೂ ಮೂಡುವ ಬೆನ್ನೆರಳನ್ನು ಆರಿಸಿಬಿಡುತ್ತೇನೆ. ಅದಕ್ಕೆ ನನ್ನ ಕೆಲಸ ಹೋಗಬಹುದು. ಅವಳು ಮಾತಾಡದೆಯೂ ಇರಬಹುದು. ಅವಳು ಮತ್ತೆ ಆ ಕೆರೆಯ ಕಡೆ ನಡೆಯದಂತೆ ತಡೆಯುವ ಮಾತು ಯಾವುದೆಂದು ನನಗೆ ಹೊಳೆದಿಲ್ಲ.

ನಿಮ್ಮ ಕಾಲದಲ್ಲಿ ಬೆನ್ನೆರಳು ಇನ್ನೂ ಕಾಗದದ ಹಾಳೆ. ಇಂಥ ಜನ ಹೀಗೆ ಎಂಬ ಟಿಪ್ಪಣಿಯನ್ನು ನಿಮ್ಮಲ್ಲೊಬ್ಬರು ಒಳ್ಳೆಯ ಮನಸ್ಸಿನಿಂದ ಹಂಚುತ್ತಿರಬಹುದು. ಬೇಡವೆನ್ನಲಾರೆ, ಹಂಚಿ. ಓದಿದ ಮೇಲೆ ಮಡಚಿಡಲು ಹೇಳಿ. ನಿಮ್ಮ ಮನೆಯಲ್ಲಿ ಇದು ಹೇಗಮ್ಮ ಎಂದು ಎದುರಿಗೆ ಕೂತವರನ್ನು ಕೇಳುವುದನ್ನು ಕಲಿಸಿ. ಉತ್ತರ ಬರುವವರೆಗೆ ಸುಮ್ಮನಿರುವುದನ್ನೂ ಕಲಿಸಿ. ನಾಳೆ ಅವಳೆದುರು ಕೂರಬೇಕಾದ ನನಗೆ ಅದನ್ನು ಯಾರೂ ಕಲಿಸಲಿಲ್ಲ.

ನಿಮ್ಮ ಮುಂದಿನವಳು,
ವಿಭಾವರಿ